ಕತ್ತಲೆ ಕೋಣೆಯ ಅರ್ಥಗಾರಿಕೆ: ಕಪ್ಪು-ಬಿಳುಪು ಛಾಯಾಚಿತ್ರ ಮುದ್ರಣವನ್ನು ಕುರಿತು

ಕನ್ನಡದ ಆಡುಮಾತಿನಲ್ಲಿ ಫೋಟೊಗೆ ಸಂಬಂಧಿಸಿದ ಕ್ರಿಯಾಪದಗಳು ಬಹುಮಟ್ಟಿಗೆ ಪ್ರೇರಣಾರ್ಥಕ ರೂಪದಲ್ಲಿವೆ. ಫೋಟೊ ತೆಗೆಸುವುದು, ರೀಲು ತೊಳೆಸುವುದು, ಪ್ರಿಂಟು ಹಾಕಿಸುವುದು, ದೊಡ್ಡದು ಮಾಡಿಸುವುದು, ಕಟ್ಟು ಹಾಕಿಸುವುದು ಇವೆಲ್ಲವೂ ಮತ್ತೊಬ್ಬರ ಕೈಯಿಂದ ಆಗಬೇಕಾದ ಕೆಲಸಗಳು. ಈ ರೂಪಗಳು ಕೆಲಸ ಮಾಡುವವನೊಬ್ಬ ಇದ್ದಾನೆಂಬುದನ್ನು ಒಪ್ಪುತ್ತವೆ, ಆದರೆ ಅವನ ಹೆಸರನ್ನು ಕೇಳುವುದಿಲ್ಲ. ಛಾಯಾಚಿತ್ರವನ್ನು ಕುರಿತ ವಿಮರ್ಶೆಯಾದರೋ ಅಷ್ಟನ್ನೂ ಒಪ್ಪಿದಂತೆ ಕಾಣುವುದಿಲ್ಲ. ಅದು ಕ್ಯಾಮೆರಾದ ಗುಂಡಿ ಒತ್ತಿದ ಕ್ಷಣವನ್ನೇ ಸೃಷ್ಟಿಯ ಕ್ಷಣವೆಂದು ಗ್ರಹಿಸಿ, ಆ ಬಳಿಕ ಕತ್ತಲೆ ಕೋಣೆಯಲ್ಲಿ ನಡೆಯುವುದನ್ನೆಲ್ಲ ತಾಂತ್ರಿಕ ವಿಧಿಯೆಂದು ಬದಿಗಿರಿಸಿದೆ. ಪಠ್ಯ ಮತ್ತು ಪ್ರದರ್ಶನಗಳ ಸಂಬಂಧವನ್ನು ದೀರ್ಘಕಾಲ ಚರ್ಚಿಸುತ್ತ ಬಂದಿರುವ ಜಾನಪದ ಅಧ್ಯಯನದ ದೃಷ್ಟಿಯಿಂದ ನೋಡಿದರೆ ಈ ಗ್ರಹಿಕೆ ಅಪೂರ್ಣವಾದುದು. ನೆಗೆಟಿವ್ ಎಂಬುದು ಛಾಯಾಚಿತ್ರವಲ್ಲ. ಅದು ಛಾಯಾಚಿತ್ರಕ್ಕೆ ಆಧಾರವಾದ ಪಠ್ಯ. ಅದನ್ನು ಕಾಗದದ ಮೇಲೆ ಇಳಿಸುವವರು ಆ ಪಠ್ಯಕ್ಕೆ ಅರ್ಥ ಹೇಳುವವರಾಗಿರುತ್ತಾರೆ. ಪ್ರಸ್ತುತ ಲೇಖನದಲ್ಲಿ 'ಮುದ್ರಕ' ಎಂಬ ಪದವನ್ನು ಅಚ್ಚುಕೂಟದ ಕೆಲಸಗಾರನ ಅರ್ಥದಲ್ಲಿ ಅಲ್ಲದೆ, ಕತ್ತಲೆ ಕೋಣೆಯಲ್ಲಿ ಪ್ರಿಂಟು ಹಾಕುವ ಈ ವ್ಯಕ್ತಿಗೆ ಬಳಸಲಾಗಿದೆ.

ಮೊದಲು ಕೆಲಸದ ಸ್ವರೂಪವನ್ನು ನೋಡಬೇಕು. ಎನ್‌ಲಾರ್ಜರ್ ಎಂಬ ಉಪಕರಣದಲ್ಲಿ ನೆಗೆಟಿವನ್ನು ಇಟ್ಟು, ಮೇಲಿನಿಂದ ಬೆಳಕು ಹಾಯಿಸಿ, ಕೆಳಗಿರುವ ಬೆಳ್ಳಿಲವಣ ಲೇಪಿತ ಕಾಗದದ ಮೇಲೆ ಬಿಂಬವನ್ನು ಬೀಳಿಸಲಾಗುತ್ತದೆ. ಈ ಕಾಗದ ನೀಲಿ ಹಾಗೂ ಹಸಿರು ಬೆಳಕಿಗೆ ಸ್ಪಂದಿಸುತ್ತದೆಯೇ ಹೊರತು ಕೆಂಪಿಗೆ ಸ್ಪಂದಿಸುವುದಿಲ್ಲ. ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಉರಿಯುವುದು ಇದೇ ಕಾರಣಕ್ಕೆ. ಸರಿಯಾದ ಅವಧಿಯನ್ನು ಕಂಡುಕೊಳ್ಳಲು ಕಾಗದದ ಒಂದು ಪಟ್ಟಿಯ ಮೇಲೆ ರಟ್ಟನ್ನು ಸರಿಸುತ್ತ 5, 10, 15, 20 ಸೆಕೆಂಡುಗಳ ಮೆಟ್ಟಿಲುಗಳನ್ನು ಮಾಡಿ ನೋಡುವುದು ರೂಢಿ. ಅನಂತರ ಕಾಗದವು ಮೆಟಾಲ್ ಮತ್ತು ಹೈಡ್ರೊಕ್ವಿನೋನ್ ಇರುವ ಡೆವಲಪರಿನಲ್ಲಿ, ಆಮೇಲೆ ತೆಳುವಾದ ಅಸಿಟಿಕ್ ಆಮ್ಲದಲ್ಲಿ, ಕೊನೆಗೆ ಸ್ಟುಡಿಯೊಗಳವರು 'ಹೈಪೊ' ಎಂದು ಕರೆಯುವ ಸೋಡಿಯಂ ಥಯೋಸಲ್ಫೇಟಿನಲ್ಲಿ ಮುಳುಗಿ ಏಳುತ್ತದೆ. ಹೈಪೊ ಬೆಳ್ಳಿಲವಣವನ್ನು ಕರಗಿಸುತ್ತದೆಂಬುದನ್ನು ಜಾನ್ ಹರ್ಷೆಲ್ ಅವರು ಛಾಯಾಗ್ರಹಣ ಹುಟ್ಟುವ ಮೊದಲೇ, 1819ರಲ್ಲಿ ಕಂಡುಕೊಂಡಿದ್ದರು. ಹೈಪೊದ ಅಂಶ ಕಾಗದದಲ್ಲಿ ಉಳಿದರೆ ವರ್ಷಗಳ ಬಳಿಕ ಚಿತ್ರ ಹಳದಿಗಟ್ಟುತ್ತದೆ. ಆದುದರಿಂದ ಪ್ಲಾಸ್ಟಿಕ್ ಲೇಪವಿಲ್ಲದ ದಪ್ಪ ಕಾಗದವನ್ನು ಒಂದು ಗಂಟೆಯಷ್ಟು ಕಾಲ ಹರಿಯುವ ನೀರಿನಲ್ಲಿ ತೊಳೆಯಬೇಕಾಗುತ್ತದೆ. ಒಟ್ಟು ಕ್ರಿಯೆಗೆ ಕನ್ನಡಿಗರು 'ತೊಳೆಯುವುದು' ಎಂಬ ಹೆಸರನ್ನೇ ಇಟ್ಟಿರುವುದರಲ್ಲಿ ಔಚಿತ್ಯವಿದೆ.

ಈ ವಿವರಣೆಯನ್ನು ಓದಿದವರಿಗೆ ಮುದ್ರಣವು ಅಡುಗೆಯ ಪಾಕಪಟ್ಟಿಯಂತೆ ಯಾರು ಮಾಡಿದರೂ ಒಂದೇ ಫಲ ಕೊಡುವ ವಿಧಿಯೆಂದು ತೋರಬಹುದು. ವಾಸ್ತವ ಬೇರೆ. ಒಳ್ಳೆಯ ಮಿರುಗು ಕಾಗದದ ಅತಿ ಬಿಳುಪಿಗೂ ಅತಿ ಕಪ್ಪಿಗೂ ಇರುವ ಅಂತರ ಸುಮಾರು ನೂರಕ್ಕೆ ಒಂದರಷ್ಟು. ಬಿಸಿಲಿನಲ್ಲಿ ನಿಂತ ಮನೆಯ ಗೋಡೆಗೂ ಅದರ ಜಗಲಿಯ ನೆರಳಿಗೂ ಇರುವ ಅಂತರ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ನೆಗೆಟಿವ್ ಹಿಡಿದಿಟ್ಟುಕೊಂಡದ್ದೆಲ್ಲವೂ ಕಾಗದಕ್ಕೆ ಒಮ್ಮೆಗೇ ಬರುವುದಿಲ್ಲ. ಯಾವುದನ್ನು ತರಬೇಕು, ಯಾವುದನ್ನು ಕತ್ತಲೆಗೆ ಬಿಡಬೇಕು ಎಂಬುದನ್ನು ಯಾರಾದರೂ ನಿರ್ಧರಿಸಲೇಬೇಕು. ಕಾಗದದ ದರ್ಜೆಯ ಆಯ್ಕೆಯಿಂದ ಈ ನಿರ್ಧಾರಗಳು ತೊಡಗುತ್ತವೆ. ಮೃದುವಾದ ದರ್ಜೆಯ ಕಾಗದ ಬೂದು ಛಾಯೆಗಳನ್ನು ಹರಡುತ್ತದೆ, ಗಡುಸಾದುದು ಅವುಗಳನ್ನು ಕಪ್ಪು-ಬಿಳುಪುಗಳಾಗಿ ಒಡೆಯುತ್ತದೆ. ಬೆಳಕು ಬೀಳುತ್ತಿರುವಾಗ ತಂತಿಯ ತುದಿಗೆ ಅಂಟಿಸಿದ ಸಣ್ಣ ರಟ್ಟನ್ನು ಮುಖದ ಮೇಲೆ ಆಡಿಸಿ ಅಷ್ಟು ಭಾಗವನ್ನು ತಿಳಿಯಾಗಿಸಬಹುದು. ಎರಡು ಅಂಗೈಗಳ ನಡುವಿನ ಸಂದಿಯಿಂದ ಹೆಚ್ಚು ಬೆಳಕನ್ನು ಬಿಟ್ಟು ಆಕಾಶವನ್ನು ಕಪ್ಪಾಗಿಸಬಹುದು. ಕೈ ನಿಂತರೆ ಕಾಗದದಲ್ಲಿ ಅದರ ಅಂಚು ಮೂಡಿಬಿಡುತ್ತದೆ. ಆದ್ದರಿಂದ ಕೈ ಸದಾ ಚಲಿಸುತ್ತಿರಬೇಕು. ಇದಲ್ಲದೆ ದಪ್ಪ ಕಾಗದದ ಪ್ರಿಂಟು ಒದ್ದೆಯಾಗಿರುವಾಗ ಕಂಡಷ್ಟು ತಿಳಿಯಾಗಿ ಒಣಗಿದ ಮೇಲೆ ಕಾಣುವುದಿಲ್ಲ. ಅನುಭವಿಗಳು ಈ ಇಳಿತವನ್ನು ಮೊದಲೇ ಲೆಕ್ಕಹಾಕಿ, ಒದ್ದೆಯಲ್ಲಿ ತುಸು ಅತಿಯಾಗಿ ತಿಳಿಯೆನಿಸುವಂತೆ ಹಾಕುತ್ತಾರೆ. ಇಂತಹ ತಿಳಿವಳಿಕೆಯನ್ನು ಪುಸ್ತಕಗಳು ಹೇಳುತ್ತವೆ, ನಿಜ. ಆದರೆ ಎಷ್ಟು ಎಂಬುದನ್ನು ಕೈಯೇ ಕಲಿಯಬೇಕು. ಅದು ಗುರುವಿನ ಪಕ್ಕದಲ್ಲಿ ನಿಂತು ಕಲಿಯುವ ವಿದ್ಯೆ. ಆ ಕಾರಣದಿಂದಲೇ ಅದು ಜಾನಪದ ಅಧ್ಯಯನದ ವ್ಯಾಪ್ತಿಗೆ ಸೇರುತ್ತದೆ. ಕುಂಬಾರಿಕೆ, ನೇಯ್ಗೆಗಳ ಜ್ಞಾನವನ್ನು ದಾಖಲಿಸಿದ ಅಧ್ಯಯನಕಾರರು ಪೇಟೆಬೀದಿಯ ಸ್ಟುಡಿಯೊದ ಹಿಂದಿನ ಕೋಣೆಯನ್ನು ಹೊಕ್ಕು ನೋಡಿದ್ದು ಅಪರೂಪ. ಯಂತ್ರವಿರುವಲ್ಲಿ ಪರಂಪರೆ ಇರಲಾರದೆಂಬ ಪೂರ್ವಗ್ರಹ ಇದಕ್ಕೆ ಕಾರಣವಿರಬಹುದು.

ಕತ್ತಲೆ ಕೋಣೆಯನ್ನು ಕುರಿತು ಬಂದಿರುವ ಬರಹಗಳಲ್ಲಿ ಹೆಚ್ಚಿನವು ಬೇರೊಂದು ದೋಷಕ್ಕೆ ಒಳಗಾಗಿವೆ. ಬಿಳಿಯ ಕಾಗದದ ಮೇಲೆ ದ್ರಾವಣದೊಳಗಿಂದ ಮುಖವೊಂದು ಮೂಡಿಬರುವುದನ್ನು ಅವು ಮಾಯೆಯೆಂದು, ರಸವಿದ್ಯೆಯೆಂದು ಬಣ್ಣಿಸಿ ತೃಪ್ತಿಪಡುತ್ತವೆ. ಮಾಯೆಗೆ ಕರ್ತೃವಿಲ್ಲ, ಹಾಗಾಗಿ ಈ ವರ್ಣನೆಯೂ ಮುದ್ರಕನನ್ನು ಮರೆಸುವ ಇನ್ನೊಂದು ವಿಧಾನವೇ ಆಗಿದೆ. ಬೇಸಗೆಯಲ್ಲಿ ದ್ರಾವಣವನ್ನು 20 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡಲು ತಟ್ಟೆಯ ಸುತ್ತ ಮಂಜುಗಡ್ಡೆ ಇಡುವುದು, ಶಾಖಕ್ಕೆ ಕಾಗದದ ಲೇಪ ಮೆತ್ತಗಾಗದಂತೆ ಹೈಪೊಗೆ ಪಟಿಕವನ್ನು ಬೆರೆಸುವುದು, ಮೆಟಾಲಿನಿಂದ ಬೆರಳ ಸಂದಿಯ ಚರ್ಮ ತುರಿಸುವುದು, ಉಗುರು ಕಂದಾಗುವುದು ಇಂಥವನ್ನು ಆ ವರ್ಣನೆಗಳು ಕಾಣುವುದಿಲ್ಲ.

ಮುದ್ರಣವನ್ನು ಗಂಭೀರವಾಗಿ ಪರಿಗಣಿಸಿದವರಲ್ಲಿ ಅಮೆರಿಕದ ಆನ್ಸೆಲ್ ಆಡಮ್ಸ್ (1902–1984) ಅವರ ಹೆಸರು ಮೊದಲು ಬರುತ್ತದೆ. 'ದಿ ಕ್ಯಾಮೆರಾ' (1980), 'ದಿ ನೆಗೆಟಿವ್' (1981), 'ದಿ ಪ್ರಿಂಟ್' (1983) ಎಂಬ ಅವರ ಮೂರು ಗ್ರಂಥಗಳು ಈ ಕ್ಷೇತ್ರದ ಆಕರಗಳಾಗಿವೆ. ಯೌವನದಲ್ಲಿ ಪಿಯಾನೊ ವಾದಕರಾಗಲು ಅಭ್ಯಾಸ ಮಾಡಿದ್ದ ಆಡಮ್ಸ್ ಅವರು ನೆಗೆಟಿವನ್ನು ಸಂಗೀತರಚನೆಯ ಸ್ವರಲಿಪಿಗೂ ಪ್ರಿಂಟನ್ನು ಅದರ ವಾದನಕ್ಕೂ ಹೋಲಿಸಿದರು. ಈ ಹೋಲಿಕೆ ಬಹಳ ಪ್ರಸಿದ್ಧವಾಗಿದೆ, ಉಪಯುಕ್ತವೂ ಆಗಿದೆ. ಆದರೂ ಅದರ ಮಿತಿಯನ್ನು ಗುರುತಿಸಬೇಕು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸ್ವರಲಿಪಿಯು ಯಾವ ಸ್ವರ, ಎಷ್ಟು ಕಾಲ, ಎಷ್ಟು ಮೆಲ್ಲಗೆ ಎಂಬುದನ್ನು ಬಹುಮಟ್ಟಿಗೆ ನಿರ್ದೇಶಿಸುತ್ತದೆ. ನೆಗೆಟಿವ್ ಏನನ್ನೂ ನಿರ್ದೇಶಿಸುವುದಿಲ್ಲ. ಅದರಲ್ಲಿ ಸಾಧ್ಯತೆಗಳಿವೆ, ಆಜ್ಞೆಗಳಿಲ್ಲ.

ಹಾಗೆಂದು ಆಲ್ಬರ್ಟ್ ಲಾರ್ಡ್ ಅವರು 'ದಿ ಸಿಂಗರ್ ಆಫ್ ಟೇಲ್ಸ್' (1960) ಗ್ರಂಥದಲ್ಲಿ ಪ್ರತಿಪಾದಿಸಿದ ಮೌಖಿಕ ಕಾವ್ಯದ ಮಾದರಿಯೂ ಇಲ್ಲಿಗೆ ಪೂರ್ಣವಾಗಿ ಒಗ್ಗುವುದಿಲ್ಲ. ಲಾರ್ಡ್ ಅವರ ಗಾಯಕನಿಗೆ ಸ್ಥಿರವಾದ ಮೂಲಪಠ್ಯವೇ ಇಲ್ಲ. ಹಾಡುವಾಗಲೇ ಕಾವ್ಯ ಹುಟ್ಟುತ್ತದೆ. ಮುದ್ರಕನ ಮುಂದೆ ಬದಲಾಗದ ಒಂದು ನೆಗೆಟಿವ್ ಇದ್ದೇ ಇರುತ್ತದೆ. ಈ ಎರಡರ ನಡುವಣ ಸ್ಥಿತಿಗೆ ಕರಾವಳಿಯ ತಾಳಮದ್ದಳೆ ಹೆಚ್ಚು ಹತ್ತಿರದ ನಿದರ್ಶನವಾಗಬಲ್ಲುದು. ಅಲ್ಲಿ ಪ್ರಸಂಗದ ಪದ್ಯ ಸ್ಥಿರವಾದುದು. ಭಾಗವತರು ಹಾಡುವುದು ಅದನ್ನೇ. ಆದರೆ ಅರ್ಥಧಾರಿ ಆ ಪದ್ಯಕ್ಕೆ ಹೇಳುವ ಅರ್ಥ ಆ ರಾತ್ರಿಯದು, ಆ ಕಲಾವಿದನದು. ವಾಲಿವಧೆಯ ಒಂದೇ ಪದ್ಯದಿಂದ ಹೊರಟ ಅರ್ಥಧಾರಿ ವಾಲಿಯನ್ನು ಅಪರಾಧಿಯನ್ನಾಗಿಯೂ ನಿಲ್ಲಿಸಬಹುದು, ರಾಮನನ್ನು ಪ್ರಶ್ನಿಸುವ ನ್ಯಾಯವಾದಿಯನ್ನಾಗಿಯೂ ನಿಲ್ಲಿಸಬಹುದು. ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಹಿರಿಯ ಅರ್ಥಧಾರಿಗಳು ಪ್ರತಿನಾಯಕರಿಗೆ ಘನತೆ ತಂದುಕೊಟ್ಟದ್ದು ಪದ್ಯವನ್ನು ತಿದ್ದಿ ಅಲ್ಲ, ಪದ್ಯವು ಬಿಟ್ಟ ತೆರಪನ್ನು ತುಂಬಿ. ಪದ್ಯವನ್ನು ಮೀರಿದರೆ ಸಭೆ ಒಪ್ಪುವುದಿಲ್ಲ. ಪದ್ಯವನ್ನಷ್ಟೇ ಗದ್ಯ ಮಾಡಿ ಹೇಳಿದರೆ ಸಭೆ ಕೂರುವುದಿಲ್ಲ. ಮುದ್ರಕನ ಸ್ವಾತಂತ್ರ್ಯವೂ ನಿರ್ಬಂಧವೂ ಈ ಬಗೆಯವು. ನೆಗೆಟಿವ್‌ನಲ್ಲಿ ಇಲ್ಲದ ನೆರಳಿನ ವಿವರವನ್ನು ಅವನು ತರಲಾರ. ಇರುವುದನ್ನು ಎಷ್ಟು ಹೇಳಬೇಕೆಂಬುದು ಮಾತ್ರ ಅವನ ವಿವೇಚನೆಗೆ ಬಿಟ್ಟದ್ದು.

ಆಡಮ್ಸ್ ಅವರದೇ ಪ್ರಸಿದ್ಧ ಕೃತಿಯೊಂದು ಇದಕ್ಕೆ ಸಾಕ್ಷಿ ನುಡಿಯುತ್ತದೆ. 'ಮೂನ್‌ರೈಸ್, ಹರ್ನಾಂಡೆಜ್, ನ್ಯೂ ಮೆಕ್ಸಿಕೊ' ಎಂಬ ಚಿತ್ರದಲ್ಲಿ ಕಪ್ಪು ಆಕಾಶದ ಕೆಳಗೆ ಚಂದ್ರ, ತೆಳು ಮೋಡದ ಸಾಲು, ಹಿಮದ ಬೆಟ್ಟ, ಚಿಕ್ಕ ಊರು, ಇಳಿಬಿಸಿಲಿಗೆ ಹೊಳೆಯುವ ಶಿಲುಬೆಗಳಿವೆ. ಇಸವಿಗಳ ವಿಷಯದಲ್ಲಿ ಅಷ್ಟೇನೂ ಕಟ್ಟುನಿಟ್ಟಿಲ್ಲದ ಆಡಮ್ಸ್ ಅವರು ಈ ಚಿತ್ರಕ್ಕೆ ಬೇರೆ ಬೇರೆ ಕಡೆ ಬೇರೆ ಬೇರೆ ವರ್ಷ ಕೊಟ್ಟಿದ್ದರು. ಚಂದ್ರನ ಸ್ಥಾನವನ್ನು ಗಣಿಸಿದ ಖಗೋಳಾಸಕ್ತರು ಮೊದಲೊಂದು ದಿನಾಂಕವನ್ನು ಸೂಚಿಸಿ, 1991ರಲ್ಲಿ ಅದನ್ನು ತಿದ್ದಿ, ಚಿತ್ರ ತೆಗೆದದ್ದು 1941ರ ನವೆಂಬರ್ 1ರ ಸಂಜೆ 4 ಗಂಟೆ 49 ನಿಮಿಷಕ್ಕೆ ಎಂದು ಸ್ಥಾಪಿಸಿದರು. ಈ ಶೋಧ ಪ್ರಶಂಸನೀಯವೇ. ಆದರೆ ಗೋಡೆಯ ಮೇಲೆ ತೂಗುವ ಚಿತ್ರ ಆ ನಿಮಿಷದಲ್ಲಿ ಇರಲಿಲ್ಲ. ಆಡಮ್ಸ್ ಅವರು ಆ ನೆಗೆಟಿವ್‌ನಿಂದ ನಾಲ್ಕು ದಶಕಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರಿಂಟುಗಳನ್ನು ಹಾಕಿದರು. ಆರಂಭದ ಪ್ರಿಂಟುಗಳಲ್ಲಿ ಆಕಾಶ ಬೂದುಬಣ್ಣದ್ದು, ಮೋಡದ ಎಳೆಗಳು ಮೇಲೆಯೂ ಕಾಣುತ್ತವೆ. 1948ರಲ್ಲಿ ಅವರು ನೆಗೆಟಿವ್‌ನ ಕೆಳಭಾಗವನ್ನು ರಾಸಾಯನಿಕವಾಗಿ ಗಾಢಗೊಳಿಸಿದರು. ನಂತರದ ದಶಕಗಳಲ್ಲಿ ಆಕಾಶ ಕಪ್ಪಾಗುತ್ತ ಹೋಯಿತು. ಮೊದಲಿನದು ಒಂದು ಊರಿನ ಸಂಜೆಯ ಚಿತ್ರವಾದರೆ, ಕೊನೆಯದು ಸೃಷ್ಟಿಯ ಏಕಾಂತದ ಚಿತ್ರ. ಇವೆರಡನ್ನೂ ಒಂದೇ ಶೀರ್ಷಿಕೆಯ ಕೆಳಗೆ, ಒಂದೇ ಇಸವಿ ನಮೂದಿಸಿ ಚರ್ಚಿಸುವ ವಿಮರ್ಶೆ ನಿಮಿಷವನ್ನು ಹಿಡಿದು ವರ್ಷಗಳನ್ನು ಕಳೆದುಕೊಂಡಿದೆ.

ಆಡಮ್ಸ್ ಅವರ ವಿಷಯದಲ್ಲಿ ಛಾಯಾಗ್ರಾಹಕರೂ ಮುದ್ರಕರೂ ಒಬ್ಬರೇ ಆದುದರಿಂದ ಹೆಸರಿನ ಪ್ರಶ್ನೆ ಏಳುವುದಿಲ್ಲ. ಇಬ್ಬರೂ ಬೇರೆಯಾದಾಗ ಇತಿಹಾಸ ಹೇಗೆ ನಡೆದುಕೊಂಡಿತೆಂಬುದು ಹೆಚ್ಚು ಬೋಧಪ್ರದವಾಗಿದೆ. ಕಾಗದದ ನೆಗೆಟಿವ್‌ನಿಂದ ಅನೇಕ ಪ್ರತಿಗಳನ್ನು ತೆಗೆಯುವ ವಿಧಾನವನ್ನು ಕೊಟ್ಟ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಅವರ 'ದಿ ಪೆನ್ಸಿಲ್ ಆಫ್ ನೇಚರ್' 1844ರಿಂದ 1846ರವರೆಗೆ ಆರು ಕಂತುಗಳಲ್ಲಿ ಹೊರಬಂತು. ಅದರ 24 ಚಿತ್ರಗಳು ಅಚ್ಚಾದವುಗಳಲ್ಲ, ಒಂದೊಂದನ್ನೂ ಬಿಸಿಲಿನಲ್ಲಿ ಪ್ರಿಂಟು ತೆಗೆದು ಪುಟಕ್ಕೆ ಅಂಟಿಸಿದವು. ಹೆಸರೇ ಹೇಳುವಂತೆ, ಚಿತ್ರ ಬರೆದದ್ದು ಪ್ರಕೃತಿಯ ಲೇಖನಿ. ಆ ಲೇಖನಿಯನ್ನು ಹಿಡಿದ ಕೈ ಮಾತ್ರ ನಿಕೊಲಾಸ್ ಹೆನೆಮನ್ ಅವರದು. ಹಾಲೆಂಡಿನಿಂದ ಬಂದ ಅವರು ಟಾಲ್ಬಟ್ ಅವರ ಮನೆಯ ಪರಿಚಾರಕರಾಗಿದ್ದವರು. ಕೆಲಸ ಕಲಿತು ರೆಡಿಂಗ್ ಪಟ್ಟಣದಲ್ಲಿ ಮುದ್ರಣಶಾಲೆಯನ್ನು ನಡೆಸಿದರು. ಪುಸ್ತಕದ ಅನೇಕ ಪ್ರತಿಗಳಲ್ಲಿ ಚಿತ್ರಗಳು ಬೇಗ ಮಂಕಾದಾಗ ಮುದ್ರಣಶಾಲೆಯ ತೊಳೆತ ಸಾಲದೆಂಬ ಮಾತು ಬಂತು. ಕೀರ್ತಿಗೆ ಪ್ರಕೃತಿ, ದೋಷಕ್ಕೆ ಪರಿಚಾರಕ ಎಂಬ ಹಂಚಿಕೆ ಛಾಯಾಚಿತ್ರಗಳ ಮೊದಲ ಪುಸ್ತಕಗಳ ಕಾಲದಲ್ಲಿಯೇ ಆಗಿಹೋಯಿತು.

ಇಪ್ಪತ್ತನೆಯ ಶತಮಾನದಲ್ಲಿ 'ನಿರ್ಣಾಯಕ ಕ್ಷಣ'ದ ಕಲ್ಪನೆಯೊಡನೆ ಹೆಸರು ಬೆಸೆದುಕೊಂಡ ಆನ್ರಿ ಕಾರ್ಟಿಯೆ-ಬ್ರೆಸಾನ್ (1908–2004) ಅವರು ಕತ್ತಲೆ ಕೋಣೆಯ ಕೆಲಸದಲ್ಲಿ ಆಸಕ್ತಿಯಿಲ್ಲದವರಾಗಿದ್ದರು. ಅವರ ಪ್ರಿಂಟುಗಳನ್ನು ಪ್ಯಾರಿಸ್ಸಿನಲ್ಲಿ 1950ರಲ್ಲಿ ಪಿಯೆರ್ ಗಾಸ್‌ಮನ್ ಸ್ಥಾಪಿಸಿದ ಪ್ರಯೋಗಶಾಲೆಯ ಮುದ್ರಕರು ಹಾಕುತ್ತಿದ್ದರು. ಕ್ಷಣವೇ ಸರ್ವಸ್ವವೆಂಬ ಸಿದ್ಧಾಂತಕ್ಕೆ ಆಧಾರವಾದ ಚಿತ್ರಗಳ ಹದವಾದ ಬೂದುಛಾಯೆಗಳು ಬೇರೆಯವರ ಗಂಟೆಗಟ್ಟಲೆಯ ದುಡಿಮೆಯ ಫಲ ಎಂಬುದು ವಿಮರ್ಶಕರಿಗೆ ಮುಜುಗರದ ಸಂಗತಿಯಾಗಬೇಕಿತ್ತು, ಆಗಲಿಲ್ಲ. ಮ್ಯಾಗ್ನಮ್ ಸಂಸ್ಥೆಯ ನ್ಯೂಯಾರ್ಕ್ ಕಚೇರಿಯಲ್ಲಿ ಮುದ್ರಕರಾಗಿದ್ದ ಪಾಬ್ಲೊ ಇನಿರಿಯೊ ಅವರ ಪರೀಕ್ಷಾ ಪ್ರಿಂಟುಗಳು ಬೆಳಕಿಗೆ ಬಂದದ್ದು ಈ ದೃಷ್ಟಿಯಿಂದ ಮಹತ್ವದ ಘಟನೆ. ಮಳೆಯಲ್ಲಿ ನೆನೆದ ಟೈಮ್ಸ್ ಸ್ಕ್ವೇರಿನಲ್ಲಿ ನಡೆದುಬರುವ ಜೇಮ್ಸ್ ಡೀನ್ ಅವರನ್ನು 1955ರಲ್ಲಿ ಡೆನಿಸ್ ಸ್ಟಾಕ್ ತೆಗೆದ ಚಿತ್ರದ ಅಂತಹ ಪ್ರಿಂಟಿನ ಮೇಲೆ ವೃತ್ತಗಳು, ಗೆರೆಗಳು, ಕೂಡಿಸುವ ಕಳೆಯುವ ಅಂಕಿಗಳು ತುಂಬಿಕೊಂಡಿವೆ. ಇಲ್ಲಿ ಇಷ್ಟು ಸೆಕೆಂಡು ಹೆಚ್ಚು, ಅಲ್ಲಿ ಇಷ್ಟು ಕಡಿಮೆ ಎಂಬ ಲೆಕ್ಕ ಅದು. ಸ್ವರಲಿಪಿ ಎಂಬ ಮಾತು ಯಾವುದಕ್ಕಾದರೂ ಸಲ್ಲುವುದಾದರೆ ಅದು ನೆಗೆಟಿವ್‌ಗಲ್ಲ, ಈ ಗೀಚುಗಳಿಗೆ.

ಈ ಅಲಕ್ಷ್ಯವನ್ನು ಕುರಿತು ಜಾನಪದ ಕ್ಷೇತ್ರದವರು ದೂರುವ ಮೊದಲು ತಮ್ಮ ಮನೆಯನ್ನೂ ನೋಡಿಕೊಳ್ಳಬೇಕಾಗುತ್ತದೆ. ಕನ್ನಡದಲ್ಲಿ ಲಾವಣಿ, ಕಥನಗೀತೆ, ಬೀಸುವ ಪದಗಳ ಸಂಕಲನಗಳು ಬಹುಕಾಲ ಸಂಪಾದಕರ ಹೆಸರಿನಲ್ಲಿಯೇ ಬಂದವು. ಹಾಡಿದ ಹೆಂಗಸಿನ ಹೆಸರು ಇದ್ದರೆ ಅರಿಕೆಯ ಕೊನೆಯ ಸಾಲಿನಲ್ಲಿ, ಇಲ್ಲದಿದ್ದರೆ ಊರಿನ ಹೆಸರಷ್ಟೇ. ಹಾಡು 'ಜನಪದ'ದ್ದು, ಪುಸ್ತಕ ಸಂಪಾದಕರದು ಎಂಬ ವಿಂಗಡಣೆಯನ್ನು ಪ್ರದರ್ಶನ ಸಿದ್ಧಾಂತ ಪ್ರಶ್ನಿಸಿದ ಮೇಲೆ ವಕ್ತೃವಿನ ವಿವರ, ಹಾಡಿದ ಸಂದರ್ಭ, ಪಾಠಾಂತರಗಳನ್ನು ಕೊಡುವ ಪದ್ಧತಿ ಬಂತು. ಛಾಯಾಚಿತ್ರ ವಿಮರ್ಶೆ ಅಂತಹ ತಿದ್ದುಪಡಿಗೆ ಇನ್ನೂ ಒಳಗಾಗಬೇಕಾಗಿದೆ.

ಮುದ್ರಕನ ಅರ್ಥಗಾರಿಕೆ ಬರಿಯ ಸೌಂದರ್ಯದ ವಿಷಯವಲ್ಲ. ಕಪ್ಪು ಎಷ್ಟು ಕಪ್ಪಾಗಿರಬೇಕೆಂಬ ನಿರ್ಧಾರದಲ್ಲಿ ಸಮಾಜ ಅಡಗಿದೆ. ಆಡಮ್ಸ್ ಹಾಗೂ ಫ್ರೆಡ್ ಆರ್ಚರ್ ಅವರು 1940ರ ಸುಮಾರಿಗೆ ರೂಪಿಸಿದ ವಲಯ ಪದ್ಧತಿಯು ಅಪ್ಪಟ ಕಪ್ಪಿನಿಂದ ಅಪ್ಪಟ ಬಿಳುಪಿನವರೆಗಿನ ಛಾಯೆಗಳನ್ನು ಸೊನ್ನೆಯಿಂದ ಹತ್ತರವರೆಗಿನ ವಲಯಗಳಾಗಿ ವಿಭಜಿಸುತ್ತದೆ. ಐದನೆಯದು ನಡುಬೂದು. ಬಿಸಿಲಿನಲ್ಲಿರುವ ಬಿಳಿಯರ ಮೈಬಣ್ಣವನ್ನು ಆರನೆಯ ವಲಯಕ್ಕೆ ಹೊಂದಿಸಬೇಕೆಂಬುದು ಆ ಪದ್ಧತಿಯ ಪಾಠಗಳಲ್ಲಿ ಬರುವ ಮಾನದಂಡ. ಅಳತೆಯ ಅನುಕೂಲಕ್ಕೆ ಹೇಳಿದ ಮಾತು ಹೌದಾದರೂ ಅಳತೆಗೋಲು ಯಾರ ಮೈಯಿಂದ ತೊಡಗುತ್ತದೆಂಬುದು ಗಮನಾರ್ಹ. ಇದಕ್ಕೆ ಪ್ರತಿಯಾಗಿ ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪು ಛಾಯಾಗ್ರಾಹಕ ರಾಯ್ ಡಿಕರಾವ (1919–2009) ಅವರ ಪ್ರಿಂಟುಗಳನ್ನು ಇಟ್ಟು ನೋಡಬೇಕು. 1952ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಪಡೆದ ಅವರು, ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಬರಹದೊಡನೆ 'ದಿ ಸ್ವೀಟ್ ಫ್ಲೈಪೇಪರ್ ಆಫ್ ಲೈಫ್' (1955) ಎಂಬ ಪುಸ್ತಕವನ್ನು ತಂದರು. ಅವರ ಪ್ರಿಂಟುಗಳಲ್ಲಿ ಬಿಳುಪು ಬಲು ಕಡಿಮೆ. 1953ರ 'ಹಾಲ್‌ವೇ' ಎಂಬ ಚಿತ್ರದಲ್ಲಿ ಬಡವರ ವಠಾರದ ಇಕ್ಕಟ್ಟಾದ ಓಣಿಯೊಂದು ಮಂದ ದೀಪದಲ್ಲಿ ಇದ್ದೂ ಇಲ್ಲದಂತಿದೆ. ಕಣ್ಣು ಒಗ್ಗಿದ ಮೇಲೆ ಕಪ್ಪಿನೊಳಗೆ ಕಪ್ಪುಗಳು ಬೇರೆಬೇರೆಯಾಗಿ ತೋರತೊಡಗುತ್ತವೆ. ವಾಡಿಕೆಯ ಮುದ್ರಕನೊಬ್ಬ ಇದನ್ನು 'ಸರಿಪಡಿಸಿ' ಗಡುಸಾದ ದರ್ಜೆಯ ಕಾಗದದಲ್ಲಿ ತಿಳಿಯಾಗಿ ಹಾಕಿದ್ದರೆ ನೆಗೆಟಿವ್ ಅದೇ ಇರುತ್ತಿತ್ತು, ಕೃತಿ ಇರುತ್ತಿರಲಿಲ್ಲ.

ಭಾರತದ ಸ್ಟುಡಿಯೊಗಳಲ್ಲಿ ಇದೇ ಕೌಶಲ ಇನ್ನೊಂದು ದಿಕ್ಕಿಗೆ ಹರಿಯಿತು. ನೆಗೆಟಿವ್‌ನಲ್ಲಿ ತೆಳುವಾಗಿರುವ ಭಾಗ ಪ್ರಿಂಟಿನಲ್ಲಿ ಕಪ್ಪಾಗುತ್ತದೆ. ಆದುದರಿಂದ ನೆಗೆಟಿವ್‌ನ ಮುಖಭಾಗದ ಮೇಲೆ ಮೊನಚಾದ ಸೀಸದ ಕಡ್ಡಿಯಿಂದ ಸಣ್ಣ ಸಣ್ಣ ಗೀರುಗಳನ್ನು ತುಂಬಿದರೆ ಮೊಡವೆಯ ಗುರುತು, ಸುಕ್ಕು, ಕಣ್ಣಡಿಯ ಕಪ್ಪು ಮಾಯವಾಗುತ್ತವೆ. ಮುಖಕ್ಕೆ ತೆಳುವಾಗಿ ಕೆಂಪು ಬಣ್ಣವನ್ನು ಲೇಪಿಸಿದರೆ ಬೆಳಕು ಅಲ್ಲಿ ತಡೆದು ಇಡೀ ಮುಖವೇ ಬೆಳ್ಳಗಾಗುತ್ತದೆ. ಗಂಡಿನ ಕಡೆಯವರಿಗೆ ಕಳುಹಿಸುವ ಹುಡುಗಿಯ ಫೋಟೊಗೆ ಈ ಉಪಚಾರ ಸಾಮಾನ್ಯವಾಗಿತ್ತು. ಇದನ್ನು ಮೋಸವೆಂದು ಜರೆಯುವುದು ಸುಲಭ. ಸ್ಟುಡಿಯೊದವರ ಮುಂದೆ ನಿಂತ ತಂದೆತಾಯಿಯರ ಕಳವಳವನ್ನು ಅರಿಯುವುದು ಅಷ್ಟು ಸುಲಭವಲ್ಲ. ವಿಮರ್ಶೆ ಗಮನಿಸಬೇಕಾದುದು ಬೇರೆ. ಬಣ್ಣದ ಮೇಲರಿಮೆಯ ಬಗ್ಗೆ ಗಾದೆಗಳಲ್ಲಿ, ಮದುವೆಯ ಹಾಡುಗಳಲ್ಲಿ ಆಧಾರ ಹುಡುಕುವ ಸಂಶೋಧಕರಿಗೆ ಈ ನೆಗೆಟಿವ್‌ಗಳು ನೇರವಾದ ದಾಖಲೆಗಳು. ಗೀರುಗಳು ಎಲ್ಲಿ ದಟ್ಟವಾಗಿವೆ, ಎಲ್ಲಿ ಇಲ್ಲ ಎಂಬುದನ್ನು ಭೂತಗನ್ನಡಿ ಹಿಡಿದು ಎಣಿಸಬಹುದು. ಹೆಣ್ಣಿನ ಮುಖದ ಗೀರುಗಳನ್ನೂ ಯಜಮಾನನ ಮುಖದ ಗೀರುಗಳನ್ನೂ ಹೋಲಿಸಿ ನೋಡುವ ಅಧ್ಯಯನವೊಂದು ಆಗಬೇಕಾದ ಕೆಲಸ.

ಅರ್ಥಗಾರಿಕೆಗೆ ಎಲ್ಲೆ ಎಲ್ಲಿ ಎಂಬ ಪ್ರಶ್ನೆಯೂ ಇಲ್ಲಿಂದಲೇ ಏಳುತ್ತದೆ. ಅಮೆರಿಕದ ಡಬ್ಲ್ಯು. ಯುಜೀನ್ ಸ್ಮಿತ್ ಅವರು 'ಲೈಫ್' ಪತ್ರಿಕೆಯಲ್ಲಿ 1954ರ ನವೆಂಬರಿನಲ್ಲಿ ಪ್ರಕಟಿಸಿದ ಆಲ್ಬರ್ಟ್ ಶ್ವೈಟ್ಜರ್ ಅವರ ಚಿತ್ರಮಾಲೆಯ ಮೊದಲ ಚಿತ್ರದಲ್ಲಿ ಗರಗಸದ ಹಿಡಿ ಮತ್ತು ಒಂದು ಕೈ ನೆರಳಾಗಿ ಕಾಣುತ್ತವೆ. ಅವು ಇನ್ನೊಂದು ನೆಗೆಟಿವ್‌ನಿಂದ ತಂದು ಕೂಡಿಸಿದವು. ರಟ್ಟು, ಅಂಗೈಗಳಿಂದ ಛಾಯೆಯನ್ನು ತಗ್ಗಿಸುವುದಕ್ಕೂ ಎರಡು ನೆಗೆಟಿವ್‌ಗಳನ್ನು ಬೆಸೆಯುವುದಕ್ಕೂ ಗುಣದಲ್ಲಿಯೇ ವ್ಯತ್ಯಾಸವಿದೆ. ಮೊದಲನೆಯದು ಪದ್ಯಕ್ಕೆ ಅರ್ಥ ಹೇಳುವುದು, ಎರಡನೆಯದು ಪ್ರಸಂಗಕ್ಕೆ ಪದ್ಯವನ್ನೇ ಸೇರಿಸುವುದು. ಕಲಾಚಿತ್ರದಲ್ಲಿ ಅದು ಸಲ್ಲಬಹುದು. ವರದಿಯೆಂದು ಓದುಗರ ಮುಂದಿಟ್ಟ ಚಿತ್ರದಲ್ಲಿ, ಸ್ಮಿತ್ ಅವರಂತಹ ಅಸಾಧಾರಣ ಮುದ್ರಕರೇ ಮಾಡಿದರೂ ಸಲ್ಲದು.

ಸಂಗ್ರಹಾಲಯಗಳಿಗೆ ಬಂದರೆ ಈ ಎಲ್ಲ ಚರ್ಚೆ ವ್ಯಾವಹಾರಿಕ ರೂಪ ತಾಳುತ್ತದೆ. ನ್ಯೂಯಾರ್ಕಿನಲ್ಲಿ 1955ರಲ್ಲಿ ಎಡ್ವರ್ಡ್ ಸ್ಟೈಕನ್ ಅವರು ಏರ್ಪಡಿಸಿದ 'ದಿ ಫ್ಯಾಮಿಲಿ ಆಫ್ ಮ್ಯಾನ್' ಪ್ರದರ್ಶನದ 503 ಚಿತ್ರಗಳನ್ನು ಒಂದು ವಾಣಿಜ್ಯ ಪ್ರಯೋಗಶಾಲೆಯಲ್ಲಿ ಪ್ರಿಂಟು ಹಾಕಿಸಲಾಯಿತು. 273 ಛಾಯಾಗ್ರಾಹಕರ ಭಿನ್ನ ಛಾಯೆಗಳು ಒಂದೇ ಹದಕ್ಕೆ ಬಂದುದು ಮನುಕುಲ ಒಂದೇ ಎಂಬ ಆ ಪ್ರದರ್ಶನದ ಘೋಷಣೆಗೆ ನೆರವಾಯಿತೆಂದೇ ಹೇಳಬೇಕು. ಷಿಕಾಗೊ ನಗರದಲ್ಲಿ ಮಕ್ಕಳ ಆಯಾ ಆಗಿ ದುಡಿದ ವಿವಿಯನ್ ಮೇಯರ್ (1926–2009) ಅವರ ಪ್ರಕರಣ ಇನ್ನೂ ಜಟಿಲ. 2007ರಲ್ಲಿ ಹರಾಜಿನ ಮೂಲಕ ಹೊರಬಿದ್ದ ಅವರ ಸಂಗ್ರಹದಲ್ಲಿ ಲಕ್ಷದಷ್ಟು ನೆಗೆಟಿವ್‌ಗಳಿದ್ದವು, ತೊಳೆಯದ ರೀಲುಗಳೂ ರಾಶಿ ಇದ್ದವು. ಇಂದು ಮೇಯರ್ ಅವರ ಶೈಲಿ ಎಂದು ಮೆಚ್ಚುವ ಪ್ರಿಂಟುಗಳಲ್ಲಿ ಹೆಚ್ಚಿನವು ಅವರು ನೋಡದೆಯೇ ಹೋದ ಪ್ರಿಂಟುಗಳು. ಅವುಗಳಲ್ಲಿನ ಕಪ್ಪು-ಬಿಳುಪಿನ ಹದ ಯಾರ ಶೈಲಿ ಎಂಬ ಪ್ರಶ್ನೆಯನ್ನು ಅವರ ಬಗ್ಗೆ ಬಂದ ಬರಹಗಳು ಕೇಳುವುದು ಕಡಿಮೆ.

ವೆಸ್ಟನ್ ಮನೆತನದಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳು ದೊರೆತವು. ಪಾರ್ಕಿನ್‌ಸನ್ ರೋಗದಿಂದ ಕೈ ನಡುಗತೊಡಗಿದ ಎಡ್ವರ್ಡ್ ವೆಸ್ಟನ್ (1886–1958) ಅವರ ನೆಗೆಟಿವ್‌ಗಳನ್ನು ಅವರ ಕಣ್ಣೆದುರಿನಲ್ಲಿಯೇ ಮಗ ಬ್ರೆಟ್ ಪ್ರಿಂಟು ಹಾಕಿದರು; ತಂದೆಯ ಮರಣಾನಂತರ ಇನ್ನೊಬ್ಬ ಮಗ ಕೋಲ್ ಅವರು ಆ ಕೆಲಸವನ್ನು ದಶಕಗಳ ಕಾಲ ನಡೆಸಿದರು. ಕೋಲ್ ಹಾಕಿದ ಪ್ರಿಂಟುಗಳು ಅವರ ಹೆಸರಿನಿಂದಲೇ ಗುರುತಾಗುತ್ತವೆ. ಗುರುಪರಂಪರೆಯ ಶುದ್ಧ ಮಾದರಿ ಇದು. ಅದೇ ಬ್ರೆಟ್ ಅವರು 1991ರ ಡಿಸೆಂಬರಿನಲ್ಲಿ ತಮ್ಮ 80ನೆಯ ಹುಟ್ಟುಹಬ್ಬದಂದು ತಮ್ಮ ಸ್ವಂತ ನೆಗೆಟಿವ್‌ಗಳಲ್ಲಿ ಬಹುಪಾಲನ್ನು ಒಲೆಗೆ ಹಾಕಿ ಸುಟ್ಟರು. ತಮ್ಮ ಪ್ರಿಂಟನ್ನು ತಾವಲ್ಲದೆ ಬೇರೆಯವರು ಹಾಕಲಾಗದೆಂಬುದು ಅವರ ನಿಲುವು. ಗ್ರಂಥಪಾಲಕರು ಇದನ್ನು ಕೇಳಿ ನಡುಗುವುದು ಸಹಜ. ಆದರೂ ತಂದೆಯ ಪಠ್ಯಕ್ಕೆ ವರ್ಷಗಟ್ಟಲೆ ಅರ್ಥ ಹೇಳಿದ ವ್ಯಕ್ತಿ ಈ ನಿರ್ಧಾರಕ್ಕೆ ಬಂದರೆಂಬುದನ್ನು ಹುಚ್ಚಾಟವೆಂದು ತಳ್ಳಿಹಾಕಲಾಗದು.

ಕರ್ನಾಟಕದ ಸಂದರ್ಭದಲ್ಲಿ ಸಾಮಗ್ರಿಯ ಇತಿಹಾಸವೂ ಇದರೊಡನೆ ಹೆಣೆದುಕೊಂಡಿದೆ. ನೀಲಗಿರಿಯ ಊಟಿಯಲ್ಲಿ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ 1967ರಲ್ಲಿ ಉತ್ಪಾದನೆ ಆರಂಭಿಸಿ, 'ಇಂದು' ಎಂಬ ಹೆಸರಿನಲ್ಲಿ ಫಿಲ್ಮು, ಕಾಗದಗಳನ್ನು ಮಾರುಕಟ್ಟೆಗೆ ತಂದಿತು. ಆಮದು ನಿರ್ಬಂಧವಿದ್ದ ಆ ವರ್ಷಗಳಲ್ಲಿ ಕನ್ನಡನಾಡಿನ ಸ್ಟುಡಿಯೊಗಳಿಗೂ ಅದು ಆಸರೆಯಾಗಿತ್ತು. ಬಣ್ಣದ ಫೋಟೊ ಯಂತ್ರಗಳು ಬಂದ ಮೇಲೆ ಕಪ್ಪು-ಬಿಳುಪು ಕಾಗದದ ಬೇಡಿಕೆ ಕುಸಿಯಿತು. ಕೊಡಾಕ್ ಸಂಸ್ಥೆ 2005ರಲ್ಲಿ ಅಂತಹ ಕಾಗದದ ತಯಾರಿಕೆಯನ್ನೇ ನಿಲ್ಲಿಸಿತು. ಊಟಿಯ ಕಾರ್ಖಾನೆಯೂ 2010ರ ದಶಕದಲ್ಲಿ ಮುಚ್ಚಿಹೋಯಿತು. ಇಂಗ್ಲೆಂಡಿನ ಇಲ್‌ಫರ್ಡ್, ಜೆಕ್ ದೇಶದ ಫೋಮಾ ಕಾಗದಗಳು ಇನ್ನೂ ದೊರೆಯುತ್ತವೆ. ಆದರೆ ನಿಂತುಹೋದ ಕಾಗದಕ್ಕೆ ಹದಗೊಂಡಿದ್ದ ಕೈಯ ಅಂದಾಜು ಬೇರೆ ಕಾಗದಕ್ಕೆ ಹಾಗೆಯೇ ವರ್ಗವಾಗುವುದಿಲ್ಲ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಕನ್ನಡಿಗರು ಹೆಚ್ಚಾಗಿ ಕಂಡದ್ದು ಪತ್ರಿಕೆ, ಪುಸ್ತಕಗಳ ಪುಟಗಳಲ್ಲಿ. ಅಲ್ಲಿ ಛಾಯೆಗಳು ಅಚ್ಚಿನ ಚುಕ್ಕಿಗಳಾಗಿ ಇನ್ನೊಮ್ಮೆ ಅನುವಾದಗೊಂಡಿರುತ್ತವೆ. ಸತ್ಯನ್ ಅವರ ಮಾನವೀಯ ದೃಷ್ಟಿಯನ್ನು ಕೊಂಡಾಡುವ ಬರಹಗಳು ಸಾಕಷ್ಟಿವೆ. ಅವರ ಪ್ರಿಂಟುಗಳನ್ನು ಪ್ರಿಂಟುಗಳಾಗಿ ಪರಿಶೀಲಿಸಿದ ಬರಹಗಳು ವಿರಳ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ (1971) ಮೊದಲಾದ ಸಂಘಗಳ ಮೂಲಕ ಸ್ಪರ್ಧಾ ಪ್ರದರ್ಶನಗಳಿಗೆ ಚಿತ್ರ ಕಳುಹಿಸುತ್ತಿದ್ದವರ ಸ್ಥಿತಿ ತುಸು ಮೇಲು. ಆ ವ್ಯವಸ್ಥೆಯಲ್ಲಿ ಅಂಚೆಯಲ್ಲಿ ಹೋಗುತ್ತಿದ್ದುದು ಪ್ರಿಂಟೇ; ತೀರ್ಪುಗಾರರು ನೋಡುತ್ತಿದ್ದುದೂ ಪ್ರಿಂಟನ್ನೇ. ಹೋದ ಊರುಗಳ ಚೀಟಿಗಳು ಅದರ ಬೆನ್ನಿಗೆ ಅಂಟಿಕೊಂಡು ಬರುತ್ತಿದ್ದವು.

ಗ್ರಂಥಾಲಯಗಳೂ ಅಕಾಡೆಮಿಗಳೂ ಹಳೆಯ ಛಾಯಾಚಿತ್ರಗಳನ್ನು ಗಣಕೀಕರಿಸುವ ಕಾರ್ಯದಲ್ಲಿ ತೊಡಗಿರುವ ಈ ದಿನಗಳಲ್ಲಿ, ನೆಗೆಟಿವ್ ಸ್ಕ್ಯಾನ್ ಆದೊಡನೆ ಪ್ರಿಂಟನ್ನು ಹೆಚ್ಚುವರಿ ಪ್ರತಿಯೆಂದು ಕಟ್ಟುಕಟ್ಟಿ ಮೂಲೆಗಿಡುವ ಅಪಾಯವಿದೆ. ಸ್ಕ್ಯಾನ್ ಮಾಡುವವರು ಪರದೆಯ ಮೇಲೆ ಛಾಯೆಗಳನ್ನು ಹೊಂದಿಸುವಾಗ ತಾವೂ ಒಂದು ಪ್ರಿಂಟು ಹಾಕುತ್ತಿದ್ದಾರೆ. ಹೊಂದಿಸಿದವರ ಹೆಸರು, ದಿನ, ಎದುರಿಗೆ ಇಟ್ಟುಕೊಂಡ ಹಳೆಯ ಪ್ರಿಂಟು ಯಾವುದು ಎಂಬ ವಿವರಗಳು ಸೂಚಿಯಲ್ಲಿ ದಾಖಲಾಗಬೇಕು. ಹಳೆಯ ಪ್ರಿಂಟಿನ ವಿಷಯದಲ್ಲಿ ಅದರ ಅಳತೆ, ಕಾಗದದ ಬಗೆ, ಪ್ರಿಂಟು ಹಾಕಿದ ವರ್ಷ, ತಿಳಿದಿದ್ದರೆ ಹಾಕಿದವರ ಹೆಸರು ನೆಗೆಟಿವ್‌ನ ವಿವರದಿಂದ ಪ್ರತ್ಯೇಕವಾಗಿ ನಮೂದಾಗಬೇಕು. ಸ್ಟುಡಿಯೊದ ಮೊಹರು, ಸೀಸದ ಕಡ್ಡಿಯಲ್ಲಿ ಬರೆದ ಸೆಕೆಂಡುಗಳ ಲೆಕ್ಕ, ಪ್ರದರ್ಶನದ ಚೀಟಿ ಎಲ್ಲವೂ ಇರುವುದು ಪ್ರಿಂಟಿನ ಹಿಂಬದಿಯಲ್ಲಿ. ಆ ಬದಿಯನ್ನೂ ಸ್ಕ್ಯಾನ್ ಮಾಡಿಸಬೇಕು.